ಕೆಮ್ಮಣ್ಣುಗುಂಡಿಯ ಗಾಳಿ ಕೆಡಿಸಿದವರು

ಮತ್ತೆ ಕೆಟ್ಟಿತ್ತು!

ಕಾಗದದ ಸುರುಳಿಯ ಮೇಲೆ ಗೆರೆ ಗುಡ್ಡದ ಹಾಗೆ ಎದ್ದು ನಿಂತಿದ್ದನ್ನು ಕಂಡು ಷಡಕ್ಷರಿ ಸಿಡಿದರು. ಕೆಮ್ಮಣ್ಣುಗುಂಡಿಯ ಶುದ್ಧ ಗಾಳಿಯನ್ನು ಅಳೆಯಲೆಂದೇ ೧೯೮೪ರಲ್ಲಿ ತಂದಿಟ್ಟ ಇನ್‌ಫ್ರಾರೆಡ್ ಯಂತ್ರ ಅದು. ಕಣ್ಣಿಗೆ ಕಾಣದ ಬೆಳಕನ್ನು ಗಾಳಿಯೊಳಗೆ ಹಾಯಿಸಿ, ಯಾವ ಅನಿಲ ಎಷ್ಟು ಬೆಳಕು ನುಂಗಿತೆಂದು ನೋಡಿ, ಅದರ ಪ್ರಮಾಣ ಹೇಳುತ್ತಿತ್ತು. ಷಡಕ್ಷರಿ ಅದರ ಉಸ್ತುವಾರಿ ಅಧಿಕಾರಿ.

"ಈರಭದ್ರಪ್ಪ! ಮತ್ತೆ ಬೀಡಿ ಸೇದಿದೆಯಾ?"

ಬಡವನ ಸಿಟ್ಟು ದವಡೆಗೆ ಮೂಲ ಎಂದುಕೊಂಡು ಕಾವಲುಗಾರ ಈರಭದ್ರಪ್ಪ ಹಲ್ಲು ಕಚ್ಚಿ ನಿಂತ. ಹಿಂದಿನ ತಿಂಗಳು ಒಮ್ಮೆ, ಚಳಿ ತಡೆಯದೆ, ಯಂತ್ರಕ್ಕೆ ಗಾಳಿ ಎಳೆಯುವ ಕೊಳವೆಯ ಪಕ್ಕದಲ್ಲೇ ಬೀಡಿ ಹಚ್ಚಿ ಸಿಕ್ಕಿಬಿದ್ದಿದ್ದು ನಿಜ. ಅಂದೇ ಹೆಂಡತಿ ಕಾಂತಮ್ಮನ ತಲೆ ಮುಟ್ಟಿ ಆಣೆ ಮಾಡಿ ಬೀಡಿ ಬಿಟ್ಟಿದ್ದ. ಆದರೂ ಬೆಳಗಾದರೆ ಗೆರೆ ಏಳುತ್ತಿತ್ತು. ತನ್ನ ತಲೆ ಮುಟ್ಟಿ ಸುಳ್ಳಾಡಿದನೆಂದು ಅವಳು ಶಿವನಿ ಊರಿನ ತವರು ಸೇರಿದ್ದಳು. ಕೆಲಸ ಹೋದರೂ ಅವನು ತಡೆದುಕೊಂಡಾನು, ಈ ಸಂಕಟ ತಡೆಯಲಾಗುತ್ತಿರಲಿಲ್ಲ.

ಬೆಂಗಳೂರಿನಿಂದ ತನಿಖೆಗೆ ಬಂದ ವಿಜ್ಞಾನಿ ಪ್ರೇಮಮ್ಮ ಮೊದಲು ಚಾಲಕ ಮಂಜಪ್ಪನನ್ನು ಕರೆದರು.

"ಬೆಳಿಗ್ಗೆ ಜೀಪು ಎಲ್ಲಿರುತ್ತೆ?"

"ಕೆಳಗೆ ಗೇಟ್ ಹತ್ರ ಕಣ್ರಮ್ಮ. ಒಂದೊಂದ್ಸಲ ಇಂಜಿನ್ ಆರ್ಸೋದು ಮರ್ತೋಗುತ್ತೆ."

"ಜೀಪಲ್ಲ ಮೇಡಂ, ಈ ಈರಭದ್ರಪ್ಪನೇ!" ಷಡಕ್ಷರಿ ವಜಾ ಪತ್ರ ಮುಂದೆ ಹಿಡಿದರು. "ಸಹಿ ಹಾಕಿ, ಸಾಕು."

"ಸೇದೋದನ್ನ ಕಂಡ್ರಾ?"

"ಇಲ್ಲ. ಅವತ್ತಿಂದ ದಿನಾ ಬೆಳಿಗ್ಗೆ ಕೊಳವೆ ಬಾಯಿಗೇ ಮೂಗಿಟ್ಟು ನೋಡ್ತೀನಿ. ಖದೀಮ— ವಾಸನೇನೂ ಉಳಿಸಲ್ಲ!"

ಪ್ರೇಮಮ್ಮ ಸುರುಳಿ ಬಿಚ್ಚಿದರು. ಗೆರೆಗಳ ಮೇಲೆ ಬೆರಳು ಓಡಿಸಿದರು.

"ಇಲ್ಲಿ ಎರಡು ಗೆರೆ ಇವೆ. ಒಂದು ಕಾರ್ಬನ್ ಡೈಆಕ್ಸೈಡ್, ಇನ್ನೊಂದು ಕಾರ್ಬನ್ ಮಾನಾಕ್ಸೈಡ್. ಬೀಡಿ ಆಗಲಿ, ಜೀಪ್ ಆಗಲಿ— ಹೊಗೆ ಬಂದರೆ ಎರಡೂ ಏಳಬೇಕು. ಇವನು ಸಿಕ್ಕಿಬಿದ್ದ ದಿನ ಎರಡೂ ಎದ್ದಿವೆ. ಆಮೇಲೆ? ಮೊದಲನೇದು ಮಾತ್ರ! ಎರಡನೇದನ್ನ ನೀವು ನೋಡಲೇ ಇಲ್ಲ. ಹೊಗೆ ಇಲ್ಲದೆ ಡೈಆಕ್ಸೈಡ್ ಬಿಡೋದು ಏನು ಹೇಳಿ?"

"ಉಸಿರು..." ಷಡಕ್ಷರಿಯ ದನಿ ಇಳಿಯಿತು.

"ದಿನಾ ಬೆಳಿಗ್ಗೆ ಕೊಳವೆ ಬಾಯಲ್ಲಿ ಯಾರ ಮೂಗಿರುತ್ತೆ? ಅಪರಾಧಿ ನೀವೇ."

ಅನುಮಾನಕ್ಕೆ ಮದ್ದಿಲ್ಲವೆನ್ನುತ್ತಾರೆ, ಅಂದು ಸಿಕ್ಕಿತು. ಷಡಕ್ಷರಿ ಪತ್ರವನ್ನು ಹರಿದು ಹಾಕಿದರು. "ತಪ್ಪಾಯ್ತು ಕಣಯ್ಯ."

"ಕಾಗ್ದ ಹರಿದ್ರೆ ಮುಗೀತಾ ಸ್ವಾಮಿ?" ಈರಭದ್ರಪ್ಪ ಗೇಟಿನತ್ತ ಕೈ ತೋರಿಸಿದ. "ನಡೀರಿ, ಜೀಪ್ ಹತ್ತಿ. ಕಾಂತಮ್ಮನ ಮುಂದೆ ನಿಂತು, ಗಾಳಿ ಕೆಡಿಸ್ದೋನು ನಾನೇ ಅಂತ ನಿಮ್ ಬಾಯಲ್ಲೇ ಹೇಳಿ."

ಷಡಕ್ಷರಿ ತಲೆ ತಗ್ಗಿಸಿ ಜೀಪು ಹತ್ತಿದರು.