ಇನ್ನೊಮ್ಮೆ ಹೇಳ್ರಿ... ಸ್ವಲ್ಪ ಜೋರಾಗಿ

"ಹಾಂ, ಈಗ ಹೇಳ್ರಿ! ಅಲುಗಾಡಬ್ಯಾಡ್ರಿ!"

ಮಾತಿನ ಉಸಿರು ಎಷ್ಟೆಂದು ನೋಡಲು ದಾನೇಶ್ವರಿ ತೆಳು ಕಾಗದದ ಚೂರೊಂದನ್ನು ಅವನ ತುಟಿಯ ಮುಂದೆ ಹಿಡಿದಿದ್ದಳು. ಅರಭಾವಿಯ ತೋಟಗಾರಿಕೆ ಕಾಲೇಜಿನ ನರ್ಸರಿ. ಪರಿಚಯವಾಗಿ ಹತ್ತು ನಿಮಿಷವೂ ಆಗದ ಹುಡುಗನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು.

"ಖೊಪೊನ್," ಎಂದ ಬಿತೋಪನ. ಅವನ ಅಸ್ಸಾಮಿ ಭಾಷೆಯಲ್ಲಿ ಹಾಗೆಂದರೆ ಕನಸು.

ಗಂಟಲಾಳದ ಒರಟು ಉಸಿರಿಗೆ ಕಾಗದ ನಡುಗಿತು.

'ಅಯ್ಯೋ ಶಿವನೇ... ನಡುಗಿದ್ದು ಕಾಗದಾನೋ, ನನ್ನ ಕೈಯೋ?'

ಕೊಣ್ಣೂರಿನ ಕಬ್ಬು ಬೆಳೆಯುವ ಮನೆತನದ ಈ ಹುಡುಗಿಗೆ ಮೊದಲಿನಿಂದಲೂ ಭಾಷೆಗಳ ಹುಚ್ಚು. ಅಸ್ಸಾಮಿ ಮತ್ತು ಸ್ವೀಡಿಷ್ ಭಾಷೆಗಳ ದನಿಗಳನ್ನು ಹೋಲಿಸಿ ಪಿಎಚ್‌ಡಿ ಮಾಡುತ್ತಿದ್ದಳು. ಸ್ವೀಡಿಷ್ ಧ್ವನಿಮುದ್ರಣಗಳನ್ನು ಸ್ವೀಡನ್ನಿನಿಂದ ಕಳಿಸಲು, ಇವಳು ಕಳಿಸಿದ್ದನ್ನು ಕೇಳಿ ತಿದ್ದಲು ಇಂಗ್ರಿಡ್ ಮೇಡಂ ಇದ್ದರು. ಅಸ್ಸಾಮಿಗೆ ಸಿಕ್ಕವನು ಜೋರ್ಹಾಟದಿಂದ ಅರಭಾವಿಗೆ ಓದಲು ಬಂದಿದ್ದ ಈ ಬಿತೋಪನ.

"ಎಲ್ಲಿ ಅಸ್ಸಾಂ, ಎಲ್ಲಿ ಸ್ವೀಡನ್!" ಎಂದು ನಗುತ್ತಿದ್ದಳು ಅವ್ವ ಕಾಶೆವ್ವ. "ಅವಕ್ಕ ಏನ ಸಂಬಂಧ?"

"ಭಾಳ ಹಿಂದ ಎರಡೂ ಒಂದ ಮನೆತನದ್ದು ಬೇ. ಸ್ವೀಡನ್ನಿನವ್ರು ನಮ್ಮಂಗ ನಾಲಿಗಿ ಮಡಚಿ ಟ ಅಂತಾರ. ಬಿತೋಪನಗ ಅದು ಬರಾಂಗಿಲ್ಲ, ಊಟಕ್ಕ 'ಊತ' ಅಂತಾನ. ಆದ್ರ ಆ ಗಂಟಲಿನ ಉಸಿರು ಐತಲ್ಲ, ಅದು ಎರಡರಾಗೂ ಐತಿ."

"ಮತ್ತ ನಮ್ಮ ಕನ್ನಡ?"

"ಅದು... ಆ ಮನೆತನದ್ದಲ್ಲ ಬೇ."

ಅಷ್ಟು ಹೇಳುವಾಗ ಅವಳ ದನಿ ಯಾಕೋ ಸಣ್ಣದಾಯಿತು.

ದಿನ ಕಳೆದಂತೆ ಬಿತೋಪನ ಅವರ ಪಡಸಾಲೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುವುದನ್ನೂ ಈ ಕಡೆಯ ಕನ್ನಡವನ್ನೂ ಕಲಿತ. ಇವಳು ಸದ್ದಿಲ್ಲದೆ ಅವನ ಭಾಷೆ ಕಲಿತಳು. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ಮಾತು. ಆಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕೊನೆಯ ರೆಕಾರ್ಡಿಂಗ್ ದಿನ ಅವಳು ಫ್ಯಾನ್ ಆರಿಸಿ ಮೈಕ್ ಮುಂದಿಟ್ಟಳು. "ಇವತ್ತ ಮನಸಿಗೆ ಬಂದದ್ದು ಮಾತಾಡ್ರಿ. ನಿಮ್ಮ ಭಾಷಾದಾಗ."

ಅವನು ಮೈಕನ್ನು ನೋಡಲೇ ಇಲ್ಲ. ಅವಳನ್ನೇ ನೋಡುತ್ತ ಅಸ್ಸಾಮಿಯಲ್ಲಿ ಹೇಳಿದ. 'ದಾನೇಶ್ವರಿ, ನನ್ನ ಓದು ಮುಗಿಯಿತು. ನಾನು ನಿನ್ನನ್ನು ಪ್ರೀತಿಸುತ್ತೇನೆ. ಇರು ಅಂದರೆ ಇಲ್ಲೇ ಇರುತ್ತೇನೆ.'

ಒಂದೊಂದು ಶಬ್ದವೂ ಅವಳಿಗೆ ತಿಳಿಯಿತು!

ಅಪ್ಪ ಏನಂದಾನು? ಊರ ಮಂದಿ ಏನಂದಾರು? ಹೆದರಿ ಕಂಗಾಲಾದವಳ ಬಾಯಿಂದ ಹೊರಬಿದ್ದದ್ದು ದಿನನಿತ್ಯದ ಕೆಲಸದ ಮಾತು. ಯಾರ ಮಾತನ್ನಾದರೂ ಎರಡು ಸಲ ಹೇಳಿಸಿ ಮುದ್ರಿಸುವುದು ಅವಳ ರೂಢಿಯಾಗಿತ್ತು.

"ಭಾಳ ಚಂದ ಬಂತು. ಇನ್ನೊಮ್ಮೆ ಹೇಳ್ರಿ... ಸ್ವಲ್ಪ ಜೋರಾಗಿ."

ಅವನ ಮುಖ ಕಪ್ಪಿಟ್ಟಿತು. ಆದರೂ ಹೇಳಿದ. ಅದೇ ಮಾತು, ಜೋರಾಗಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಂದಿನಿಂದ ಅವನು ಫೋನ್ ಎತ್ತಲಿಲ್ಲ. 'ನಾಳೆ ಹೋಗಿ ಹೇಳತೇನಿ' ಅನ್ನುತ್ತಲೇ ಅವಳು ವಾರಗಟ್ಟಲೆ ಕಳೆದಳು. ಊಟ ಸೇರಲಿಲ್ಲ, ಕೆಲಸ ಮುಂದಕ್ಕೆ ಹೋಗಲಿಲ್ಲ.

ಒಂದು ಮುಂಜಾನೆ ಇಂಗ್ರಿಡ್ ಮೇಡಂ ವಿಡಿಯೊ ಕರೆ ಮಾಡಿದರು. ಪರದೆಯ ಮೇಲೆ ಎರಡೂ ಭಾಷೆಗಳ ದನಿಯ ಗೆರೆಗಳಿದ್ದವು. ಸ್ವೀಡಿಷ್ ಗೆರೆ ಹಾಡಿನಂತೆ ಏರಿ ಇಳಿಯುತ್ತಿತ್ತು.

"ಈ ಅಸ್ಸಾಮಿ ಹುಡುಗನದು ಮೊದಲ ಸಲ ಸರಿಯಾಗಿದೆ. ಎರಡನೇ ಸಲ ಅಲ್ಲಲ್ಲಿ ಒಡೆದುಹೋಗಿದೆ," ಎಂದರು ಇಂಗ್ಲಿಷಿನಲ್ಲಿ. "ಇದನ್ನು ಹೋಲಿಕೆಗೆ ಬಳಸುವುದು ಬೇಡ. ಅರ್ಥ ನನಗೆ ಗೊತ್ತಿಲ್ಲ, ದಾನೇಶ್ವರಿ... ಆದರೆ ಅವನು ಅಳು ತಡೆದುಕೊಂಡು ಮಾತಾಡಿದ್ದಾನೆ, ಅಲ್ಲವೇ?"

ದಾನೇಶ್ವರಿ ಕರೆ ಮುಗಿಸಿದವಳೇ ಬಿತೋಪನನ ಗೆಳೆಯ ಶುಭಮ್‌ಗೆ ಫೋನ್ ಮಾಡಿದಳು.

"ಅಂವ ಊರಿಗೆ ಹೊಂಟಾನಲ್ರೀ! ಇವತ್ತ ಕಣಗಲಾದಾಗ ಹೈವೇಕ್ಕ ಪುಣೆ ಬಸ್ ಹತ್ತತಾನ, ಅಲ್ಲಿಂದ ಅಸ್ಸಾಮಿಗೆ ರೈಲು. ನಿಮಗ ಹೇಳಿಲ್ಲೇನ್ರಿ?"

ಅವಳು ಮನೆಯೆಲ್ಲ ಸ್ಕೂಟಿ ಕೀಲಿ ಹುಡುಕಾಡಿದಳು.

"ಎಲ್ಲಿಗೆ?" ಕಾಶೆವ್ವ ಅಡ್ಡ ಬಂದಳು.

"ಅವನ್ನ ನಿಲ್ಲಸಾಕ ಬೇ... ಇಲ್ಲಂದ್ರ ನಾ ಬದುಕಿದ್ದೂ ಸತ್ತಂಗ!"

ಕಾಶೆವ್ವ ಮಗಳ ಮುಖವನ್ನೇ ನೋಡಿದಳು. ತನ್ನ ಸೆರಗಿನಿಂದಲೇ ಅವಳ ಕಣ್ಣೊರೆಸಿ, ಗೂಟದಲ್ಲಿದ್ದ ಕೀಲಿ ತೆಗೆದು ಕೈಗಿಟ್ಟಳು. "ನಿಮ್ಮಪ್ಪಗ ನಾ ಹೇಳ್ಕೋತೇನಿ. ಸಾವಕಾಶ ಹೋಗು."

ಸಾವಕಾಶ ಎಲ್ಲಿಂದ! ಹುಕ್ಕೇರಿ ದಾಟುವಾಗ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಾ ಹಾಡು ಹಚ್ಚಿಕೊಂಡು ತೆವಳುತ್ತಿದ್ದವು. ಅವಳು ಹಾರ್ನ್ ಒತ್ತಿದಳು, ಬೇಡಿಕೊಂಡಳು, ಅತ್ತಳು. ಯಾರಿಗೂ ಕೇಳಿಸಲಿಲ್ಲ.

'ನೀ ಜೀವಾ ಕೈಯಾಗ ಹಿಡಕೊಂಡು ಮಾತಾಡಿದಿ... ನಾ ಅದನ್ನ ಅಳತಿ ಮಾಡಾಕ ಕುಂತ್ನೆಲ್ಲೋ... ಹೋಗಬ್ಯಾಡ, ಹೋಗಬ್ಯಾಡೋ!'

ಕಣಗಲಾ ಬಂದಾಗ ಪುಣೆ ಬಸ್ ನಿಂತಿತ್ತು. ಬ್ಯಾಗ್ ಹೆಗಲಿಗೇರಿಸಿದ ಬಿತೋಪನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ.

"ಬಿತೋಪನ!"

ಅವನು ತಿರುಗಿದ. ಕಾಲು ಮಾತ್ರ ಇಳಿಯಲಿಲ್ಲ. "ಮತ್ತ ರೆಕಾರ್ಡಿಂಗ್ ಬೇಕಾಗಿತ್ತೇನ್ರಿ?"

ಆ ಮಾತು ಅವಳಿಗೆ ಚುರುಕ್ಕೆಂದು ತಾಗಿತು.

"ಇಲ್ಲ... ಅವತ್ತ ನನಗ ಮೊದಲನೇ ಸಲಾನ ತಿಳದಿತ್ತು. ಎಲ್ಲಾ ತಿಳದಿತ್ತು."

"ತಿಳದೂ ಇನ್ನೊಮ್ಮೆ ಹೇಳಸಿದ್ಯಾ?" ಅವನ ದನಿ ಒಡೆಯಿತು.

"ಹೆದರಿದ್ನಿ! ಮತ್ತ... ಇನ್ನೊಮ್ಮೆ ಕೇಳಬೇಕನಸಿತ್ತು. ನನಗ ಹಂಗ ಯಾರೂ ಹೇಳಿದ್ದಿಲ್ಲ." ಬಿಕ್ಕುತ್ತಲೇ ಅವನ ಭಾಷೆಯಲ್ಲಿ ಹೇಳಿದಳು, "ಮೊಯ್ ತುಮಾಕ್ ಭಾಲ್ ಪಾಓ. ಪ್ರೀತಿ ಮಾಡತೇನಿ ನಿನ್ನ. ಇರು... ಇಲ್ಲೇ ಇರು."

ಬಿತೋಪನ ಅವಳ ಕಣ್ಣನ್ನೇ ನೋಡಿದ.

"ಭಾಳ ಚಂದ ಬಂತು," ಎಂದ ಮೆಲ್ಲಗೆ. "ಇನ್ನೊಮ್ಮೆ ಹೇಳ್ರಿ... ಸ್ವಲ್ಪ ಜೋರಾಗಿ."

ಅವಳಿಗೆ ಅವತ್ತಿನ ಅವನ ಮುಖ ನೆನಪಾಯಿತು. ಎರಡನೇ ಸಲ ಹೇಳುವುದು ಎಷ್ಟು ಕಷ್ಟವೆಂದು ಈಗ ತಿಳಿಯಿತು. ಬಸ್ಸಿನ ಕಿಟಕಿಗಳಿಂದ ಮಂದಿ ಇಣುಕುತ್ತಿದ್ದರು. ಕಣ್ಣು ಮುಚ್ಚಿ, ಇಡೀ ಹೈವೇಗೆ ಕೇಳುವಂತೆ ಕನ್ನಡದಲ್ಲೇ ಕೂಗಿದಳು.

"ಪ್ರೀತಿ ಮಾಡತೇನಿ ನಿನ್ನ! ಹೋಗಬ್ಯಾಡ!"

"ಹತ್ತತೀರೋ ಇಲ್ಲೋ, ಸಾಹೇಬ್ರ?" ಕಂಡಕ್ಟರ್ ರೇಗಿದ.

ಬಿತೋಪನ ಮೆಟ್ಟಿಲಿಂದ ಕಾಲು ಇಳಿಸಿದ. "ಇಲ್ರಿ. ನನಗ ಇರು ಅಂದಾರ."

ಬಸ್ ಧೂಳೆಬ್ಬಿಸಿ ಹೋಯಿತು. ಅವನ ಎದೆಗೊರಗಿ ಅವಳು ಮನಸಾರೆ ಅತ್ತಳು.

"ನಡಿ," ಎಂದಳು ಕೊನೆಗೆ, ಮೂಗೊರೆಸಿಕೊಳ್ಳುತ್ತ. "ಅವ್ವ ಕಾಯಾಕತ್ತಿರತಾಳ."

"ಊತಕ್ಕ?"

ಎಷ್ಟೋ ದಿನಗಳ ಮೇಲೆ ದಾನೇಶ್ವರಿ ನಕ್ಕಳು.

"ಹೂಂ... ಊತಕ್ಕ."