ಕೂಲರಿಗಿಟ್ಟ ಕುಂಕುಮ

"ಇದು ಆ ಕೂಲರ್ರೇ ಅಲ್ಲ ಕಣೇ ಅಕ್ಕ," ಎಂದ ವಿಶ್ರುತ್.

ಶ್ರೀರಂಜನಿ ಟಾರ್ಚ್ ಹಿಡಿದು ಬಗ್ಗಿದಳು. ದಾಸರಹಳ್ಳಿಯ ಮನೆಯ ಹಾಲ್‌ನಲ್ಲಿ ಅವಳ ಕಂಪ್ಯೂಟರ್ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಪೀಣ್ಯದ ವರ್ಕ್‌ಶಾಪುಗಳಿಗೆ ಅಚ್ಚುಗಳ ಡ್ರಾಯಿಂಗ್ ಮಾಡಿಕೊಡುವುದು ಅವಳ ಕಸುಬು. ಈ ಸೋಮವಾರ ಬೆಳಿಗ್ಗೆಯಿಂದ ಪೆಟ್ಟಿಗೆಗೆ ಭಾರದ ಕೆಲಸ ಕೊಟ್ಟರೆ ಅರ್ಧ ಗಂಟೆಯಲ್ಲಿ ಕಾದು, ತಾನಾಗಿ ಆರಿಹೋಗುತ್ತಿತ್ತು. ಹೂಡಿಯ ಆಫೀಸಿನಿಂದ ಬಂದ ತಮ್ಮ, ಪ್ರೊಸೆಸರ್ ಮೇಲಿನ ಕೂಲರನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ — ಕಾವು ಹೀರಿ ಗಾಳಿಗೆ ಬಿಡುವ, ಗೇಣುದ್ದದ ಲೋಹದ ಗೋಪುರ, ಪಕ್ಕಕ್ಕೊಂದು ಫ್ಯಾನು.

"ಜೂನ್‌ನಲ್ಲಿ ಬಸಲಿಂಗ ಇದರ ತಳಕ್ಕೆ ನಿನ್ನ ಮುಂದೇನೇ ಪೇಸ್ಟ್ ಹಚ್ಚಿದ್ದ ತಾನೆ? ಕಾವು ದಾಟಿಸೋ ಬೂದಿ ಬಣ್ಣದ್ದು?"

"ಹೌದು."

"ಎಲ್ಲಿದೆ?"

ಎಲ್ಲೂ ಇರಲಿಲ್ಲ. ತಳದ ತಾಮ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೇಸ್ಟಿನ ಗುರುತೇ ಇಲ್ಲದ್ದು ಹೊಸ ಕೂಲರ್. ಅಂದರೆ ಒಳ್ಳೆಯದನ್ನು ಎತ್ತಿ, ಅದರಂತೇ ಕಾಣುವ ನಕಲಿ ಇಟ್ಟಿದ್ದಾರೆ, ಗಡಿಬಿಡಿಯಲ್ಲಿ ಪೇಸ್ಟ್ ಹಚ್ಚುವುದನ್ನೂ ಮರೆತಿದ್ದಾರೆ ಎಂಬುದು ವಿಶ್ರುತ್‌ನ ಲೆಕ್ಕ. ಯಾರು? ಹಿಂದಿನ ದಿನ, ಭಾನುವಾರ, ಇನ್ನೊಂದು ಹಾರ್ಡ್ ಡಿಸ್ಕ್ ಹಾಕಲು ಬಸಲಿಂಗ ಬಂದಿದ್ದ. ಅಮ್ಮ ಸುಬ್ಬಲಕ್ಷ್ಮಿ ಕಾಫಿ ಬೆರೆಸಿ ತರುವ ತನಕ ಹಾಲ್‌ನಲ್ಲಿ ಅವನೊಬ್ಬನೇ.

ಶ್ರೀರಂಜನಿಗೆ ಇದನ್ನು ನಂಬಲು ಮನಸ್ಸಾಗಲಿಲ್ಲ. ಬಸಲಿಂಗ ಕೊಪ್ಪಳದ ಕಡೆಯವನು, ರಾಜಗೋಪಾಲನಗರದ ಬಾಡಿಗೆ ಕೋಣೆಯವನು. ವಾರವೆಲ್ಲ ಪೀಣ್ಯದಲ್ಲಿ ದ್ಯಾಮಣ್ಣನ ವರ್ಕ್‌ಶಾಪಿನಲ್ಲಿ ಮೆಷಿನ್ ಓಡಿಸಿ, ಭಾನುವಾರ ಕಂಪ್ಯೂಟರ್ ಜೋಡಿಸುತ್ತಿದ್ದ. ಪೀಣ್ಯಕ್ಕೆ ಮೆಟ್ರೋ ಬಂದ ಆ ವರ್ಷ, ಅದೇ ಜೂನ್‌ನಲ್ಲಿ, ಈ ಕಂಪ್ಯೂಟರಿಗೆ ಕೂಲರ್ ಆರಿಸುವಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಗಿತ್ತು. ನೀರು ಹರಿಸಿ ತಂಪು ಮಾಡುವುದೇ ಬೇಕೆಂದು ವಿಶ್ರುತ್ ಹಟ ಹಿಡಿದಿದ್ದ. ಬಸಲಿಂಗ ತಲೆ ತಗ್ಗಿಸಿಕೊಂಡೇ, "ಫ್ಯಾನ್ ನಿಂತ್ರ ಕಣ್ಣಿಗೆ ಕಾಣ್ತೈತ್ರಿ ಅಕ್ಕಾರ. ಒಳಗಿನ ಪಂಪ್ ನಿಂತ್ರ ಯಾರಿಗೆ ಗೊತ್ತಾಗ್ತೈತಿ?" ಎಂದಿದ್ದ. ಆ ಮಾತಿಗೇ ಅವಳು ಗಾಳಿಯ ಗೋಪುರವನ್ನು ಒಪ್ಪಿದ್ದಳು. ಕದಿಯುವವನು ಹಾಗೆ ಯೋಚಿಸುತ್ತಾನೆಯೇ?

ಆದರೆ ಅವಳ ಯೋಚನೆ ಮುಗಿಯುವಷ್ಟರಲ್ಲಿ ಕೈಮೀರಿತ್ತು. ಅಪ್ಪ ಜಯಸಿಂಹ ದೇವಸ್ಥಾನದಿಂದ ಬಂದರು, ಕೂಲರ್ ಕಳುವಾಗಿದೆ ಎಂಬಷ್ಟು ಮಾತ್ರ ಹೆಂಡತಿಯಿಂದ ಕೇಳಿದರು, ನಿಂತಲ್ಲಿಂದಲೇ ದ್ಯಾಮಣ್ಣನಿಗೆ ಫೋನ್ ಮಾಡಿದರು. ಅಪ್ಪ ಸರ್ಕಾರಿ ಗಡಿಯಾರ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ದುಡಿದು, ಬಲಗೈ ಉಂಗುರಬೆರಳಿನ ತುದಿಯನ್ನೂ ಅಲ್ಲಿಗೇ ಕೊಟ್ಟು ಬಂದ ಮನುಷ್ಯ. ದ್ಯಾಮಣ್ಣ ಅವರ ಕೈಯಲ್ಲಿ ಕೆಲಸ ಕಲಿತವನು. ಗುರುವಿನ ಮಾತು ಮೀರಿಯಾನೆ? ಮಂಗಳವಾರ ಬೆಳಿಗ್ಗೆ ಬಸಲಿಂಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದ.

ಗುರುವಾರ ಬಸಲಿಂಗ ಬಂದು ಬಾಗಿಲಾಚೆಯೇ ನಿಂತ. ಕಣ್ಣು ಕೆಂಪಾಗಿತ್ತು.

"ಕೆಲಸ ಹೋದ್ರ ಇನ್ನೊಂದು ಸಿಗತೈತ್ರಿ ಅಕ್ಕಾರ. ಕಳ್ಳ ಅನಿಸ್ಕೊಂಡು ಪೀಣ್ಯಾದಾಗ ಯಾವ ಗೇಟಿಗೆ ಹೋಗ್ಲಿ?"

ಶ್ರೀರಂಜನಿ ನೇರ ಎದುರುಮನೆಗೆ ಹೋಗಿ ಹನುಮಂತರಾಯಪ್ಪನವರನ್ನು ಕರೆತಂದಳು. ಅಪ್ಪನ ಕಾರ್ಖಾನೆಯಲ್ಲೇ ಸೆಕ್ಯುರಿಟಿ ಇನ್‌ಸ್ಪೆಕ್ಟರ್ ಆಗಿ, ಮೂವತ್ತು ವರ್ಷ ಗೇಟಿನಲ್ಲಿ ನಿಂತು ಊಟದ ಡಬ್ಬಿಗಳ ತಳ ತಟ್ಟಿ ನೋಡಿದವರು ಅವರು. ಕಂಪ್ಯೂಟರಿನ ಗಂಧ ಗಾಳಿ ಗೊತ್ತಿರಲಿಲ್ಲ. ಕಳ್ಳತನದ ಗಂಧ ಚೆನ್ನಾಗಿ ಗೊತ್ತಿತ್ತು.

ಮನೆಯವರನ್ನೆಲ್ಲ ಕೂರಿಸಿ, ವಿಶ್ರುತ್‌ನ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡರು. ಕೂಲರನ್ನು ತಿರುಗಿಸಿ ನೋಡಿದರು — ತಳ, ರೆಕ್ಕೆಗಳು, ನೆತ್ತಿ. ನೆತ್ತಿಯ ಮೇಲೆ ಕಣ್ಣು ತುಸು ಹೊತ್ತು ನಿಂತಿತು. ಆಮೇಲೆ ಕಂಪ್ಯೂಟರನ್ನು ಕೊನೆಯ ಸಲ ಸರಿಯಾಗಿ ಓಡಿಸಿದ್ದು ಯಾವತ್ತು ಎಂದು ಶ್ರೀರಂಜನಿಯನ್ನು ಕೇಳಿದರು. ಹೋದ ಗುರುವಾರ ಸಂಜೆ ಎಂದಳು. ಶುಕ್ರವಾರ ಆಯುಧಪೂಜೆ, ಶನಿವಾರ ದಶಮಿ. ಪೂಜೆಗಿಟ್ಟ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಭಾನುವಾರ ಬಸಲಿಂಗ ಡಿಸ್ಕ್ ಹಾಕಿ ಎರಡು ನಿಮಿಷ ಓಡಿಸಿ ತೋರಿಸಿದ, ಅಷ್ಟೆ.

"ಪೂಜೆ ಯಾರು ಮಾಡಿದ್ದು?"

"ಅಪ್ಪ. ನಾವೆಲ್ಲ ಹೂ ತರೋಕೆ ಮಲ್ಲೇಶ್ವರಕ್ಕೆ ಹೋಗಿದ್ವಿ."

ಹನುಮಂತರಾಯಪ್ಪ ಜಯಸಿಂಹರ ಕಡೆ ತಿರುಗಿದರು.

"ಈ ಡಬ್ಬಿ ಬಿಚ್ಚಿದ್ದು ಯಾರ್ಯಾರು ಜಯಸಿಂಹ ಅವರೇ?"

"ಭಾನುವಾರ ಬಸಲಿಂಗ. ಸೋಮವಾರ ನಮ್ಮ ವಿಶ್ರುತ್."

"ಇನ್ಯಾರೂ ಇಲ್ವಾ?"

ಜಯಸಿಂಹ ಕಿಟಕಿಯಾಚೆ ನೋಡಿದರು. ಸೋಮವಾರ ಫೋನಿನಲ್ಲಿ ಅಷ್ಟು ಕೂಗಾಡಿದ ಅಪ್ಪ, ಮಂಗಳವಾರ ವಿಶ್ರುತ್ ಹೊಳೆಯುವ ತಳ ತೋರಿಸಿ ಪೇಸ್ಟಿನ ವಿಷಯ ಹೇಳಿದ ಮೇಲೆ ಈ ಮಾತೇ ಎತ್ತಿಲ್ಲ ಎಂಬುದು ಶ್ರೀರಂಜನಿಗೆ ಆಗ ಹೊಳೆಯಿತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಎಂದರು ಹನುಮಂತರಾಯಪ್ಪ. "ಇದರ ನೆತ್ತಿ ಮೇಲೆ ಏನಿದೆ ಕಣಮ್ಮ?"

"ಕುಂಕುಮ," ಎಂದಳು. ಅದನ್ನು ಅವಳು ಸೋಮವಾರವೇ ನೋಡಿದ್ದಳು. ಎಲ್ಲರೂ ನೋಡಿದ್ದರು. ಹೊಸ್ತಿಲ ಮೇಲೆ, ಬೀರುವಿನ ಮೇಲೆ, ಮಿಕ್ಸಿಯ ಮೇಲೆ ದಿನಾ ಕಾಣುವ ಬೊಟ್ಟನ್ನು ಯಾರು ತಾನೆ ನಿಂತು ನೋಡುತ್ತಾರೆ?

"ಪೂಜೆ ಶುಕ್ರವಾರ. ಬಸಲಿಂಗ ಬಂದದ್ದು ಭಾನುವಾರ. ಅವನು ಕೂಲರ್ ಬದಲಾಯಿಸಿದ್ರೆ, ಶುಕ್ರವಾರದ ಕುಂಕುಮ ಭಾನುವಾರದ ಕೂಲರ್ ಮೇಲೆ ಹೇಗೆ ಬಂತು?"

ಬೊಟ್ಟನ್ನೂ ಬಸಲಿಂಗನೇ ಇಟ್ಟಿರಬಹುದಲ್ಲ ಎಂದು ವಿಶ್ರುತ್ ಗೊಣಗಿದ.

"ಕದಿಯೋಕೆ ಬಂದವನು ಕುಂಕುಮ ತಂದು ಇಡ್ತಾನೇನಪ್ಪಾ? ಅದಿರಲಿ. ಬೊಟ್ಟು ದುಂಡಗಿಲ್ಲ ನೋಡು, ಅರ್ಧಚಂದ್ರ. ನಿಮ್ಮನೆ ಗೇಟಿನ ಮೇಲೂ ಹಾಗೇ, ಸ್ಕೂಟರ್ ಮೇಲೂ ಹಾಗೇ. ತುದಿಯಿಲ್ಲದ ಉಂಗುರಬೆರಳು ಇಟ್ಟ ಬೊಟ್ಟು ಅದು. ಹಾಗಾಗಿ ಇದು ಅದೇ ಹಳೇ ಕೂಲರ್ರು, ಕಳುವು ಆಗೇ ಇಲ್ಲ. ಮುಚ್ಚಿದ ಡಬ್ಬಿ ಒಳಗೆ ಬೊಟ್ಟಿಡೋಕೆ ಆಗಲ್ಲ. ಶುಕ್ರವಾರ ಇದನ್ನ ಬಿಚ್ಚಿದವರು ನೀವೇ, ಜಯಸಿಂಹ ಅವರೇ."

ಜಯಸಿಂಹ ಎದ್ದು ಒಳಗೆ ಹೋದರು. ತಮ್ಮ ಹಳೆಯ ಟೂಲ್‌ಬಾಕ್ಸಿನಿಂದ ಮೆತ್ತನೆಯ ಚರ್ಮದ ಒರೆಸುಬಟ್ಟೆ ತಂದು ಟೀಪಾಯಿಯ ಮೇಲೆ ಹಾಸಿದರು. ಅದರ ನಡುವೆ ಬೂದಿ ಬಣ್ಣದ ಕಲೆಯಿತ್ತು.

ಆಯುಧಪೂಜೆಗೆ ಮೊದಲು ಪ್ರತಿ ಯಂತ್ರವನ್ನೂ ಬಿಚ್ಚಿ, ಒಳಗಿನ ಕೊಳೆ ತೆಗೆಯುವುದು ಟೂಲ್‌ರೂಮಿನ ವಾಡಿಕೆ. ಧೂಳು ಹೊಡೆಯಲು ಕೂಲರ್ ಎತ್ತಿದಾಗ ಕೆಳಗೆ ಒಣಗಿದ ಗ್ರೀಸಿನಂಥದ್ದು ಕಂಡಿತಂತೆ. "ಎರಡು ಲೋಹದ ಫೇಸ್ ಕೂಡೋ ಕಡೆ ಕೂದಲೆಳೆಯಷ್ಟು ಕೊಳೆ ಇರಬಾರದು ಅಂತ ಇನ್ನೂರು ಹುಡುಗರಿಗೆ ಕಲಿಸಿದೀನಿ," ಎಂದರು. "ಸ್ಪಿರಿಟ್ ಹಾಕಿ ಎರಡೂ ಕಡೆ ಒರೆಸಿಬಿಟ್ಟೆ. ಪುಣ್ಯದ ಕೆಲಸ ಅಂದ್ಕೊಂಡೆ."

ಹೊಳೆಯುವ ಲೋಹದಲ್ಲೂ ಕಣ್ಣಿಗೆ ಕಾಣದ ಹಳ್ಳಗಳಿರುತ್ತವೆ, ಅಲ್ಲಿ ಗಾಳಿ ನಿಂತರೆ ಕಾವು ದಾಟುವುದಿಲ್ಲ, ಆ ಹಳ್ಳ ತುಂಬಲಿಕ್ಕೇ ಪೇಸ್ಟ್ ಎಂದು ವಿಶ್ರುತ್ ಮಂಗಳವಾರ ಹೇಳಿದಾಗಲೇ ಅವರಿಗೆ ಎಲ್ಲವೂ ಅರ್ಥವಾಗಿತ್ತು.

"ಒರೆಸಿದ್ದು ತಪ್ಪಲ್ಲಪ್ಪ," ಎಂದಳು ಶ್ರೀರಂಜನಿ. ಅಪ್ಪನ ಮೇಲೆ ಅಷ್ಟು ಕೋಪ ಅವಳಿಗೆ ಎಂದೂ ಬಂದಿರಲಿಲ್ಲ. "ಎರಡು ದಿನ ಗೊತ್ತಿದ್ದೂ ಸುಮ್ಮನಿದ್ರಲ್ಲ?"

"ದ್ಯಾಮಣ್ಣ ನನ್ನ ಶಿಷ್ಯ ಕಣಮ್ಮ. ಅವನಿಗೆ ಏನಂತ ಹೇಳ್ಲಿ?"

"ನಡೆದದ್ದನ್ನ ಹೇಳಿ."

ಬಾಗಿಲಾಚೆ ಬಸಲಿಂಗ ಚಪ್ಪಲಿಯ ಪಕ್ಕ ಇನ್ನೂ ನಿಂತೇ ಇದ್ದ. ಜಯಸಿಂಹ ಅವನನ್ನೊಮ್ಮೆ ನೋಡಿ, ಫೋನ್ ಎತ್ತಿಕೊಂಡು, ಅವನಿಗೆ ಕೇಳುವಂತೆ ಬಾಗಿಲ ಬಳಿಯೇ ನಿಂತು ಮಾತಾಡಿದರು. "ದ್ಯಾಮಣ್ಣ, ತಪ್ಪು ನಂದು. ಹುಡುಗನದ್ದೇನೂ ಇಲ್ಲ," ಎಂದು ಶುರುಮಾಡಿ, ಒಂದನ್ನೂ ಬಿಡದೆ ಹೇಳಿದರು. ಹೇಳಿ ಮುಗಿಸಿ, ಒಳಗೆ ಬಾಪ್ಪ ಎಂದು ಬಸಲಿಂಗನನ್ನು ಕರೆದರು.

ಭಾನುವಾರ ಬಸಲಿಂಗ ಹೊಸ ಪೇಸ್ಟಿನೊಂದಿಗೆ ಬಂದ. ಪ್ರೊಸೆಸರ್ ನಡುವೆ ಅವರೆಕಾಳಿನಷ್ಟು ಇಟ್ಟು, ಕೂಲರ್ ಕೂರಿಸಲು ಬಗ್ಗಿದ. ಒಳಗೆ ಬೆಳಕು ಸಾಲದು. ಶ್ರೀರಂಜನಿ ಟಾರ್ಚ್ ತೆಗೆದುಕೊಳ್ಳಲು ಕೈಚಾಚುವಷ್ಟರಲ್ಲಿ ಅದು ಅಪ್ಪನ ಕೈಯಲ್ಲಿತ್ತು. ಟೂಲ್‌ರೂಮಿನಲ್ಲಿ ಕೆಲಸ ಮಾಡುವವರಿಗೆ ದೀಪ ಹಿಡಿದು ನಿಲ್ಲುವುದು ಕಲಿಯಲು ಬಂದ ಹೊಸ ಹುಡುಗರ ಪಾಲಿನ ಕೆಲಸ ಎಂದು ಅವರೇ ಎಷ್ಟೋ ಸಲ ಹೇಳಿದ್ದರು.

ಬಸಲಿಂಗ ಕೊನೆಯ ಸ್ಕ್ರೂ ಬಿಗಿಯುವವರೆಗೆ ಜಯಸಿಂಹ ಟಾರ್ಚ್ ಹಿಡಿದು, ಬಗ್ಗಿ ನೋಡುತ್ತ ನಿಂತಿದ್ದರು.