ಎಕ್ಸ್‌ರೇ ದಿನದ ಜಡೆ

ದೀಕ್ಷಿತಾಳ ಎದೆಯ ಎಕ್ಸ್‌ರೇಯಲ್ಲಿ ಕಲೆ ಸಿಕ್ಕಿತು. ಬಲಗಡೆ, ಶ್ವಾಸಕೋಶದ ಮೇಲ್ತುದಿಯಲ್ಲಿ. ವೀಸಾ ನವೀಕರಣದ ಮೆಡಿಕಲ್ ಅದು. ಕ್ಷಯವಿರಬಹುದು ಎಂಬ ಸಂಶಯ ಬಂದದ್ದೇ ತಡ, ಗಲ್ಫಿನ ವಾದಿ ಕಬೀರ್‌ನಲ್ಲಿ ಅಬಾಯಾ ಬುರ್ಖಾ ಹೊಲಿಯುವ ಕಂಪನಿ ಅವಳಿಗೆ ಮಂಗಳೂರಿನ ಟಿಕೆಟ್ ತೆಗೆದುಬಿಟ್ಟಿತು. ಅದೇ ಸಂಜೆಯ ವಿಮಾನ.

ಸುದ್ದಿ ತಂದವನು ಕಂಪನಿಯ ವೀಸಾ ಕೆಲಸ ನೋಡುವ ಫ್ರೆಡ್ಡಿ. ಕೇಳಿದವಳು ಅವನ ಹೆಂಡತಿ ಲಿಲ್ಲಿ. ಸುಳ್ಳು ಯಾಕೆ, ಲಿಲ್ಲಿಗೆ ಮೊದಲು ಆದದ್ದು ಖುಷಿಯೇ. ಆ ಹುಡುಗಿ ಫ್ರೆಡ್ಡಿಯನ್ನು 'ಫ್ರೆಡ್ಡಿಯಣ್ಣ' ಅನ್ನುತ್ತಿದ್ದಳು. ಅವನಿಗಿಂತ ಚಿಕ್ಕವಳಾದ ಲಿಲ್ಲಿಯನ್ನು 'ಆಂಟಿ' ಅನ್ನುತ್ತಿದ್ದಳು. ಆಂಟಿಯಂತೆ ಆಂಟಿ! ಯಾವ ಹೆಂಗಸಿಗೆ ತಡೆದೀತು?

ಖುಷಿ ಮಾತ್ರ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಇನ್ನೊಮ್ಮೆ ಎಕ್ಸ್‌ರೇ ತೆಗೀಲಿಲ್ವಾ?"

"ಕಂಪನಿ ಕಾಯೂದಿಲ್ಲ ಮಾರಾಯ್ತಿ. ಅಲ್ಲಿವರೆಗೆ ರೂಮು, ಊಟ ಯಾರು ಕೊಡೂದು? ಬೇರೆಯವಳನ್ನು ತರಿಸಿದ್ರೆ ಖಲಾಸ್."

"ಒಮ್ಮೆ ಅನ್‌ಫಿಟ್ ಅಂತ ಕಳಿಸಿದ್ರೆ ಅವಳು ವಾಪಸ್ ಬರ್ಲಿಕ್ಕುಂಟಾ?"

"ಎಲ್ಲಿಂದ!"

"ಮತ್ತೆ ಈ ಟೆಸ್ಟ್ ಎಂತಕ್ಕೆ? ಕಾಯಿಲೆ ಹುಡುಕ್ಲಿಕ್ಕಾ, ಜನರನ್ನು ಓಡಿಸ್ಲಿಕ್ಕಾ?"

"ನನ್ನತ್ರ ಕೇಳಿದ್ರೆ? ರೂಲ್ಸು ಬರೆದದ್ದು ನಾನಾ?" ಫ್ರೆಡ್ಡಿ ಸಿಡುಕಿದ.

"ಎಕ್ಸ್‌ರೇ ಅದಲು ಬದಲಾಗಿರ್ಬಹುದಲ್ವಾ?"

"ಅದನ್ನೇ ಮೊದಲು ನೋಡಿದೆ. ಹೆಸರು, ನಂಬರ್ ಎಲ್ಲ ಅವಳದ್ದೇ. ಅವಳಿಗೆ ಕೆಮ್ಮಿಲ್ಲ, ಜ್ವರ ಇಲ್ಲ. ನಂಗೂ ಅರ್ಥ ಆಗೂದಿಲ್ಲ."

*  *  *

ಫ್ರೆಡ್ಡಿ ಸ್ನಾನಕ್ಕೆ ಹೋದ. ಲಿಲ್ಲಿಯ ಕೈ ಅವನ ಮೊಬೈಲಿಗೆ ಹೋಯಿತು. ಅದು ದಿನದ ಅಭ್ಯಾಸ.

ಎಕ್ಸ್‌ರೇ ದಿನ ಕ್ಲಿನಿಕ್ಕಿನ ಎದುರು ಫ್ರೆಡ್ಡಿ ತೆಗೆದ ದೀಕ್ಷಿತಾಳ ಫೋಟೋ. ಅದನ್ನು ನೋಡಿ ಅವನು "ಎಂಥ ಚಂದ ಜಡೆ" ಅಂದಿದ್ದ. ಅಂದಿನಿಂದ ಲಿಲ್ಲಿ ಆ ಜಡೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ತನ್ನ ಇಲಿಬಾಲವನ್ನು ಮುಟ್ಟಿಕೊಂಡು ಹೊಟ್ಟೆ ಉರಿಸಿಕೊಂಡಿದ್ದಳು. ಈಗ ಮೊದಲ ಬಾರಿಗೆ ಕಣ್ಣು ಪಕ್ಕಕ್ಕೆ ಸರಿಯಿತು.

ಪಕ್ಕದಲ್ಲಿ ನಿಂತವಳು ವಾರಿಜಾಕ್ಷಿ, ದೀಕ್ಷಿತಾಳ ರೂಮಿನವಳು. ಅವಳ ಮೆಡಿಕಲ್ಲೂ ಅಂದೇ. ಅವಳದ್ದು ಮೊಣಕಾಲು ಮುಟ್ಟುವ ಜಡೆ. ಸೆಕೆಯಲ್ಲೂ ಅದನ್ನು ಮೇಲೆ ಕಟ್ಟಿದವಳಲ್ಲ, ಊರಿಗೆಲ್ಲ ತೋರಿಸಬೇಕಲ್ಲ. ಆದರೆ ಫೋಟೋದಲ್ಲಿ ಅವಳ ಕೂದಲು ನೆತ್ತಿಯ ಮೇಲೆ ಮುಡಿಯಾಗಿತ್ತು. ದಿನಾ ತುರುಬು ಕಟ್ಟುವ ದೀಕ್ಷಿತಾಳಿಗೆ ಮಾತ್ರ ದಪ್ಪ ಜಡೆ, ಬಲಭುಜದ ಮೇಲೆ.

ಬಲಗಡೆ! ಲಿಲ್ಲಿ ಎದ್ದು ನಿಂತಳು. ಸುಮ್ಮನಿದ್ದರೆ ಸಂಜೆಗೆ ಆ ಪೀಡೆ ತಾನಾಗಿ ತೊಲಗುತ್ತದೆ. ಅವಳು ಒಂದು ಕ್ಷಣ ಹಾಗೆಯೇ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿದಳು.

"ಫ್ರೆಡ್ಡಿ, ಬೇಗ ಹೊರಡು! ಯಲ್ಲಾ!"

*  *  *

ರೂಮಿನಲ್ಲಿ ದೀಕ್ಷಿತಾ ಅಳುತ್ತ ಪೆಟ್ಟಿಗೆ ಕಟ್ಟುತ್ತಿದ್ದಳು. ವಾರಿಜಾಕ್ಷಿ ಸೀರೆ ಮಡಚಿಕೊಡುತ್ತಿದ್ದಳು. ಎಂಥ ಮಮತೆ!

ಲಿಲ್ಲಿ ಸ್ಟೂಲಿನ ಮೇಲೆ ಕುಳಿತು ಕೂದಲು ಬಿಚ್ಚಿದಳು. "ವಾರಿಜಾ, ನಂಗೂ ಇವತ್ತು ಎಕ್ಸ್‌ರೇ ಉಂಟು. ಗಟ್ಟಿಯಾಗಿ ಒಂದು ಜಡೆ ಹಾಕ್ತೀಯಾ?"

"ಅಯ್ಯೋ, ಎಕ್ಸ್‌ರೇಗೆ ಜಡೆಯಾ? ಮೇಲೆ ಕಟ್ಟಿ, ಲಿಲ್ಲಿಬಾಯಿ. ಇಲ್ಲದಿದ್ರೆ ನೆರಳು..."

ವಾರಿಜಾಕ್ಷಿ ನಾಲಗೆ ಕಚ್ಚಿಕೊಂಡಳು.

"ನನಗೆ ಹೇಳಿದ ಬುದ್ಧಿ ಇವಳಿಗ್ಯಾಕೆ ಹೇಳ್ಲಿಲ್ಲ?" ಲಿಲ್ಲಿ ಮೆಲ್ಲಗೆ ಕೇಳಿದಳು. ವಾರಿಜಾಕ್ಷಿಗೆ ತನ್ನ ಮೇಲೆ ಚೂರೂ ಹೊಟ್ಟೆಕಿಚ್ಚಿಲ್ಲ ಎಂಬುದು ಆ ಹೊತ್ತಿನಲ್ಲೂ ಲಿಲ್ಲಿಯನ್ನು ಸ್ವಲ್ಪ ಚುಚ್ಚಿತು.

ದೀಕ್ಷಿತಾ ಕಣ್ಣರಳಿಸಿದಳು. "ಜಡೆ ಹಾಕಿದ್ದು ವಾರಿಜಕ್ಕನೇ. ಚೌರಿ ಸೇರಿಸಿ ಹಾಕಿದ್ರು. ಅಲ್ಲಿ ಎಸಿ ಜಾಸ್ತಿ, ಶೀತ ಆಗ್ತದೆ ಅಂತ ಜಡೆಯನ್ನು ಗೌನಿನ ಒಳಗೆ ಬಿಟ್ಟು ಲಾಡಿ ಕಟ್ಟಿದ್ರು."

"ಅದಕ್ಕೇ ಎಕ್ಸ್‌ರೇಯವನಿಗೆ ಕಾಣ್ಲಿಲ್ಲ," ಲಿಲ್ಲಿ ಫ್ರೆಡ್ಡಿಯ ಕಡೆ ತಿರುಗಿದಳು. "ಒಳಗೆ ಬಲಭುಜದ ಮೇಲೆ ದಪ್ಪ ಜಡೆ. ಚಿತ್ರದಲ್ಲಿ ಬಲಗಡೆ ಕಲೆ. ವಾರಿಜಾಳ ಕೂದಲು ಮಾತ್ರ ಅವತ್ತೊಂದು ದಿನ ನೆತ್ತಿಗೆ!"

ವಾರಿಜಾಕ್ಷಿ ಕೈಯಲ್ಲಿದ್ದ ಸೀರೆಯನ್ನು ಪೆಟ್ಟಿಗೆಯ ಮೇಲೆ ಎಸೆದಳು. "ಊರಲ್ಲಿ ನನ್ನ ಮೊದಲ ಮೆಡಿಕಲ್‌ಗೆ ಹೀಗೇ ಆಗಿತ್ತು. ಕೂದಲು ಮೇಲೆ ಕಟ್ಟಿಸಿ ಇನ್ನೊಮ್ಮೆ ತೆಗೆದ್ರು. ಸೂಜಿ ಹಿಡಿಯೂದು ಇವಳಿಗೆ ಕಲಿಸಿದ್ದೇ ನಾನು. ರುಸ್ತಾಕ್‌ನಲ್ಲಿ ಕಂಪನಿಯ ಹೊಸ ಅಂಗಡಿಗೆ ಇನ್‌ಚಾರ್ಜ್ ಯಾರು? ಇವಳು! ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯ್ತು."

*  *  *

ಫ್ರೆಡ್ಡಿ ವೀಸಾ ಕೊಟ್ಟ ಯಜಮಾನ ಕಫೀಲ್‌ಗೆ ಫೋನ್ ಮಾಡಿ ಕೈಕಾಲು ಹಿಡಿದು ಇನ್ನೊಂದು ಎಕ್ಸ್‌ರೇಗೆ ಅಪ್ಪಣೆ ತೆಗೆದ. ಲಿಲ್ಲಿ ತಾನೇ ದೀಕ್ಷಿತಾಳ ಕೂದಲನ್ನು ನೆತ್ತಿಗೆ ಸುತ್ತಿ ಕಟ್ಟಿದಳು. ಹೊಸ ಎಕ್ಸ್‌ರೇಯಲ್ಲಿ ಕಲೆಯ ಸುಳಿವೇ ಇರಲಿಲ್ಲ. ಫಿಟ್.

ವಾಪಸ್ ಬರುವಾಗ ಕಾರಿನಲ್ಲಿ ದೀಕ್ಷಿತಾ ಲಿಲ್ಲಿಯ ಕೈ ಹಿಡಿದಳು. "ಲಿಲ್ಲಿಯಕ್ಕಾ, ನಿಮಗೆ ಹೇಗೆ ಗೊತ್ತಾಯ್ತು?"

ಅಕ್ಕ! "ಫೋಟೋ ನೋಡ್ತಾ ಇದ್ದೆ," ಲಿಲ್ಲಿ ನಾಚಿಕೊಂಡಳು. "ಸ್ವಲ್ಪ ಜಾಸ್ತಿಯೇ ನೋಡಿದೆ."

ಫ್ರೆಡ್ಡಿ ನಕ್ಕ. ದೀಕ್ಷಿತಾ ನಗಲಿಲ್ಲ. ಕ್ಲಿನಿಕ್ಕಿನ ಹೊಸ ಕಾಗದ ಅವಳ ಮಡಿಲಲ್ಲಿತ್ತು.

"ಫ್ರೆಡ್ಡಿಯಣ್ಣ, ಇದು ಜಡೆ ಅಂತ ನಾನು ಉಳಿದೆ. ನಿಜವಾಗಿ ಕಾಯಿಲೆಯೇ ಇದ್ದಿದ್ರೆ ನನ್ನನ್ನು ಯಾರು ಉಳಿಸ್ತಿದ್ರು?"

ಫ್ರೆಡ್ಡಿ ರಸ್ತೆ ನೋಡುತ್ತ ಕಾರು ಓಡಿಸಿದ. ಲಿಲ್ಲಿ ಅವಳ ಕೈ ಬಿಡಲಿಲ್ಲ.